ಕುಡಿಯುವ ನೀರಿನ ಬಗ್ಗಡವನ್ನೂ ಕ್ಲೋರಿನ್ನನ್ನೂ ಅಳೆಯುವ ಮಾಪಕಗಳು

(ಗ್ರಾಮ ಮುಖಂಡರ ಮತ್ತು ಜಮೀನುದಾರರ ತಿಳಿವಳಿಕೆಗಾಗಿ)

ಬೆಳೆಗೆ ನೀರು ಎಷ್ಟು ಅವಶ್ಯಕವೋ, ಬೆಳೆಯನ್ನು ತೆಗೆಯತಕ್ಕ ರೈತನಿಗೆ ಶುದ್ಧವಾದ ಕುಡಿಯುವ ನೀರು ಅಷ್ಟೇ ಅವಶ್ಯಕವಾದುದು. ಮುಂಗಾರು ಮಳೆಯು ಹದವಾಗಿ ಬಿದ್ದು ಕೂರಿಗೆ ಹೂಡತಕ್ಕ ಕಾಲದಲ್ಲಿಯೇ ಮನೆಯವರೆಲ್ಲರೂ ವಾಂತಿಭೇದಿಯಿಂದ ಹಾಸಿಗೆ ಹಿಡಿದರೆ ಆ ಮನೆಯ ಬಿತ್ತನೆಯು ತಪ್ಪಿತೆಂದೇ ತಿಳಿಯಬೇಕು. ವಿಚಾರಮಾಡಿ ನೋಡಿದರೆ ಮಳೆಯೂ ರೋಗವೂ ಏಕಕಾಲದಲ್ಲಿ ಬರುವುದು ಆಕಸ್ಮಿಕವಲ್ಲ. ಬೇಸಗೆಯ ಉದ್ದಕ್ಕೂ ತಿಪ್ಪೆಗಳಲ್ಲಿಯೂ, ದನಗಳ ಕೊಟ್ಟಿಗೆಗಳ ಸುತ್ತಲೂ, ಊರ ಹೊರಗಿನ ಬಯಲಿನಲ್ಲಿಯೂ ಸೇರಿಕೊಂಡಿದ್ದ ಹೊಲಸನ್ನೆಲ್ಲ ಮೊದಲನೆಯ ದೊಡ್ಡ ಮಳೆಯು ಒಂದೇ ರಾತ್ರಿಯಲ್ಲಿ ತೊಳೆದು ತಗ್ಗಿನ ಕಡೆಗೆ ಸಾಗಿಸುವುದು. ಸೇದುವ ಬಾವಿಯೂ, ಕೆರೆಯೂ, ಒಡೆದ ನಲ್ಲಿಯ ಕೊಳವೆಯೂ ಸಾಮಾನ್ಯವಾಗಿ ಇರುವುದು ಆ ತಗ್ಗಿನಲ್ಲಿಯೇ.

ನೀರು ಒಳ್ಳೆಯದೋ ಕೆಟ್ಟದ್ದೋ ಎಂಬುದನ್ನು ಹಿಂದಿನಿಂದಲೂ ಜನರು ಕಣ್ಣಿನಿಂದ ನೋಡಿ, ಮೂಸಿ, ನಾಲಗೆಗೆ ರುಚಿ ಹತ್ತಿಸಿಕೊಂಡು ನಿರ್ಧರಿಸುತ್ತ ಬಂದಿರುವರು. ಬಗ್ಗಡದ ನೀರಿಗೆ ಚಿಲ್ಲದ ಬೀಜವನ್ನು ತೇದು ಹಾಕಿ ತಿಳಿಯಾಗಿಸುವ ಪದ್ಧತಿಯೂ, ಕೊಡದ ಬಾಯಿಗೆ ಬಟ್ಟೆ ಕಟ್ಟಿ ಸೋಸುವ ಪದ್ಧತಿಯೂ ವಿವೇಕವುಳ್ಳವುಗಳೇ ಸರಿ. ಆದರೆ ಬೆಳ್ಳಗಿರುವುದೆಲ್ಲ ಹಾಲಲ್ಲವೆಂಬಂತೆ ತಿಳಿಯಾಗಿರುವುದೆಲ್ಲ ಶುದ್ಧವಾದ ನೀರಲ್ಲ. ಈ ಕಾರಣದಿಂದ ನೀರಿನ ಬಗ್ಗಡವನ್ನೂ, ಅದರಲ್ಲಿ ಉಳಿದಿರುವ ಕ್ಲೋರಿನ್ನನ್ನೂ ಅಳೆದು ಅಂಕಿಯಲ್ಲಿ ತೋರಿಸತಕ್ಕ ಮಾಪಕಗಳು ಬಳಕೆಗೆ ಬಂದಿವೆ. ಮೇಜಿನ ಮೇಲಿಟ್ಟು ಉಪಯೋಗಿಸುವ ಈ ಮಾಪಕಗಳ ಸ್ವರೂಪವನ್ನೂ, ಅವುಗಳನ್ನು ಉಪಯೋಗಿಸುವ ಕ್ರಮವನ್ನೂ, ಅವು ತೋರಿಸುವ ಅಂಕಿಗಳಿಂದ ತಿಳಿಯಬೇಕಾದ ಅರ್ಥವನ್ನೂ ಈ ಲೇಖನದಲ್ಲಿ ವಿವರಿಸಿದೆ.

ವಾಕರ್ಟನ್ ಊರಿನ ದೃಷ್ಟಾಂತ

ಇಂಥ ಅಳತೆಯನ್ನು ಅಲಕ್ಷ್ಯಮಾಡಿದರೆ ಏನಾಗುವುದೆಂಬುದಕ್ಕೆ ಕೆನಡಾ ದೇಶದ ಒಂಟಾರಿಯೋ ಪ್ರಾಂತ್ಯದ ವಾಕರ್ಟನ್ ಎಂಬ ಊರಿನ ದೃಷ್ಟಾಂತವು ಸಾಕು. ಇದು ಸುಮಾರು ೪,೮೦೦ ಜನರಿದ್ದ ಚಿಕ್ಕ ಊರು. ಸುತ್ತಲೂ ದನಗಳನ್ನು ಸಾಕುವ ಹೊಲಮನೆಗಳು. ಊರಿಗೆ ನೀರನ್ನು ಒದಗಿಸುತ್ತಿದ್ದ ಬಾವಿಗಳಲ್ಲಿ ಐದನೆಯ ನಂಬರಿನ ಬಾವಿಯು ಬಹಳ ಆಳವಿಲ್ಲದ್ದು. ಅದಕ್ಕೆ ನೀರು ಸೇರುತ್ತಿದ್ದುದು ನೆಲದಿಂದ ೫ರಿಂದ ೮ ಮೀಟರುಗಳ ಒಳಗಿನ ಬಿರುಕುಬಂಡೆಯ ಪದರದಿಂದ. ಹತ್ತಿರದ ಹೊಲವೊಂದಕ್ಕೆ ೨೦೦೦ನೆಯ ಇಸವಿ ಏಪ್ರಿಲ್ ಕೊನೆಯಲ್ಲಿ ದನದ ಗೊಬ್ಬರವನ್ನು ಹರಡಲಾಗಿತ್ತು. ಮೇ ೮ರಿಂದ ೧೨ರ ವರೆಗೆ ಸುಮಾರು ೧೩೪ ಮಿಲಿಮೀಟರು ಮಳೆಯು ಸುರಿಯಿತು. ಗೊಬ್ಬರದಲ್ಲಿದ್ದ ರೋಗಾಣುಗಳು ಮಳೆಯ ನೀರಿನೊಡನೆ ಇಳಿದು ಬಾವಿಯನ್ನು ಸೇರಿದುವು.

ಆ ಬಾವಿಯ ನೀರಿಗೆ ಕ್ಲೋರಿನ್ ಹಾಕುವ ಏರ್ಪಾಡು ಇತ್ತು. ಹದಿನೈದು ನಿಮಿಷಗಳ ತರುವಾಯವೂ ಲೀಟರಿಗೆ ೦.೫ ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕೆಂಬ ನಿಯಮವೂ ಇತ್ತು. ಆದರೆ ಅಲ್ಲಿಯ ಕೆಲಸಗಾರರು ಸಾಕಷ್ಟು ಕ್ಲೋರಿನ್ನನ್ನು ಹಾಕುತ್ತಿರಲಿಲ್ಲ. ಪ್ರತಿದಿನವೂ ಅಳೆಯಬೇಕಾಗಿದ್ದ ಉಳಿಕೆ ಕ್ಲೋರಿನ್ನನ್ನು ಅನೇಕ ದಿನ ಅಳೆಯದೆಯೇ, ಅಳೆದಂತೆ ಪುಸ್ತಕದಲ್ಲಿ ೦.೫ ಅಥವಾ ೦.೭೫ ಎಂದು ಬರೆದಿಡುತ್ತಿದ್ದರು. ಮೇ ೧೫ರಂದು ತೆಗೆದ ನೀರಿನ ಮಾದರಿಗಳಲ್ಲಿ ಮಲದ ಅಣುಜೀವಿಗಳಿವೆಯೆಂದು ಪ್ರಯೋಗಶಾಲೆಯಿಂದ ಮೇ ೧೭ರಂದು ವರದಿಯು ಬಂದರೂ ಆರೋಗ್ಯಾಧಿಕಾರಿಗಳಿಗೆ ಅದನ್ನು ತಿಳಿಸಲಿಲ್ಲ. ನೀರನ್ನು ಕುದಿಸಿ ಕುಡಿಯಬೇಕೆಂಬ ಪ್ರಕಟಣೆಯು ಹೊರಟದ್ದು ಮೇ ೨೧ರಂದು. ಅಷ್ಟರಲ್ಲಿ ಕಾಲ ಮೀರಿತ್ತು. ೨,೩೦೦ಕ್ಕೂ ಹೆಚ್ಚು ಜನರು ಕಾಯಿಲೆ ಬಿದ್ದರು. ೭ ಜನರು ಸತ್ತರು. ಮೂತ್ರಪಿಂಡಗಳಿಗೆ ಹಾನಿಯಾದವರಲ್ಲಿ ಚಿಕ್ಕ ಮಕ್ಕಳು ಬಹಳ ಮಂದಿ.

ಈ ವಿಷಯವನ್ನು ವಿಚಾರಣೆಮಾಡಿದ ನ್ಯಾಯಾಧೀಶ ಡೆನಿಸ್ ಓ'ಕಾನರ್ ಅವರು ೨೦೦೨ರಲ್ಲಿ ಕೊಟ್ಟ ವರದಿಯಲ್ಲಿ ಎರಡು ಸಂಗತಿಗಳು ರೈತರಿಗೂ ಮುಖಂಡರಿಗೂ ಗಮನಾರ್ಹವಾಗಿವೆ. ಮೊದಲನೆಯದು, ಗೊಬ್ಬರ ಹಾಕಿದ ರೈತನು ಪದ್ಧತಿಯಂತೆಯೇ ನಡೆದುಕೊಂಡಿದ್ದನೆಂದೂ ಅವನ ಮೇಲೆ ತಪ್ಪು ಹೊರಿಸತಕ್ಕದ್ದಲ್ಲವೆಂದೂ ಹೇಳಿದುದು. ಗೊಬ್ಬರವಿಲ್ಲದೆ ಬೇಸಾಯವಿಲ್ಲ, ಆದುದರಿಂದ ಕಾವಲು ಇರಬೇಕಾದುದು ನೀರಿನ ಬಳಿಯಲ್ಲಿ. ಎರಡನೆಯದು, ಆ ಬಾವಿಯಲ್ಲಿ ಬಗ್ಗಡವನ್ನೂ ಉಳಿಕೆ ಕ್ಲೋರಿನ್ನನ್ನೂ ಎಡೆಬಿಡದೆ ಅಳೆಯುವ ಮಾಪಕಗಳಿದ್ದಿದ್ದರೆ ಈ ಅನಾಹುತವು ಸಂಭವಿಸುತ್ತಲೇ ಇರಲಿಲ್ಲವೆಂದೂ, ಕೈಯಿಂದಲಾದರೂ ದಿನಕ್ಕೊಮ್ಮೆ ಕ್ಲೋರಿನ್ನನ್ನು ಅಳೆದಿದ್ದರೆ ಅನಾಹುತವು ಬಹುಮಟ್ಟಿಗೆ ಕಡಿಮೆಯಾಗುತ್ತಿತ್ತೆಂದೂ ನಿರ್ಣಯಿಸಿದುದು. ಅಣುಜೀವಿಗಳ ಪರೀಕ್ಷೆಗೆ ಒಂದು ದಿನಕ್ಕಿಂತ ಕಡಿಮೆ ಸಾಲದು. ಕ್ಲೋರಿನ್ನಿನ ಪರೀಕ್ಷೆಗೆ ಐದು ನಿಮಿಷಗಳು ಸಾಕು. ಆ ಐದು ನಿಮಿಷಗಳನ್ನು ಉಳಿಸಿದುದರ ಬೆಲೆಯು ಏಳು ಜೀವಗಳಾಯಿತು.

ಬಗ್ಗಡವೆಂದರೇನು

ನೀರಿನಲ್ಲಿ ತೇಲಾಡುವ ಜೇಡಿಮಣ್ಣು, ಮೆಕ್ಕಲು, ಕೊಳೆತ ಎಲೆಗಳ ಚೂರು, ಪಾಚಿ, ಅಣುಜೀವಿಗಳು ಮುಂತಾದ ಸೂಕ್ಷ್ಮಕಣಗಳಿಂದ ನೀರಿನ ತಿಳಿತನವು ಕೆಡುವುದನ್ನು ಬಗ್ಗಡವೆನ್ನುವರು. ಬಗ್ಗಡವು ತಾನೇ ಒಂದು ರೋಗವಲ್ಲ. ಆದರೂ ಅದರಿಂದ ಮೂರು ವಿಧವಾದ ಕೇಡುಗಳುಂಟು. ಒಂದನೆಯದು, ರೋಗಾಣುಗಳು ಮಣ್ಣಿನ ಕಣಗಳಿಗೆ ಅಂಟಿಕೊಂಡು ಅವುಗಳ ಮರೆಯಲ್ಲಿ ಅವಿತಿರುವುದರಿಂದ ಕ್ಲೋರಿನ್ ಅವುಗಳನ್ನು ಮುಟ್ಟಲಾರದು. ಎರಡನೆಯದು, ಕಣಗಳಲ್ಲಿರುವ ಕೊಳೆತ ಪದಾರ್ಥವು ಕ್ಲೋರಿನ್ನನ್ನು ತಾನೇ ತಿಂದುಹಾಕುವುದು. ಮೂರನೆಯದು, ಇದ್ದಕ್ಕಿದ್ದಂತೆ ಹೆಚ್ಚಿದ ಬಗ್ಗಡವು ಹೊರಗಿನ ನೀರು ಒಳಗೆ ನುಗ್ಗಿದೆಯೆಂಬುದಕ್ಕೆ ಗುರುತು. ಕೊಳವೆ ಬಾವಿಯ ನೀರು ಮಳೆ ಬಂದ ಮಾರನೆಯ ದಿನ ಬಗ್ಗಡವಾದರೆ ಮೇಲಿನ ನೀರು ಶೋಧಿಸಲ್ಪಡದೆ ಒಳಗೆ ಇಳಿಯುತ್ತಿದೆಯೆಂದು ತಿಳಿಯಬೇಕು.

ಭಾರತೀಯ ಮಾನಕವಾದ ಐ.ಎಸ್. ೧೦೫೦೦ : ೨೦೧೨ರ ಪ್ರಕಾರ ಕುಡಿಯುವ ನೀರಿನ ಬಗ್ಗಡವು ೧ ಮಾನವನ್ನು ಮೀರಬಾರದು, ಬೇರೆ ನೀರಿನ ಆಧಾರವೇ ಇಲ್ಲದಿದ್ದಲ್ಲಿ ೫ ಮಾನಗಳ ವರೆಗೆ ಸಹಿಸಬಹುದು. ಈ ಮಾನಕ್ಕೆ ಎನ್.ಟಿ.ಯು. ಎಂದು ಹೆಸರು. ಬರಿಯ ಕಣ್ಣಿಗೆ ಬಗ್ಗಡವು ಕಾಣಿಸತೊಡಗುವುದು ಸುಮಾರು ೪ ಮಾನಗಳಾದ ಮೇಲೆ. ಎಂದರೆ ೧ಕ್ಕೂ ೪ಕ್ಕೂ ನಡುವೆ ಇರುವ ನೀರು ಕಣ್ಣಿಗೆ ಸ್ವಚ್ಛವಾಗಿ ಕಂಡರೂ ಮಾನಕಕ್ಕೆ ತಪ್ಪಿದುದಾಗಿರುವುದು. ಮಾಪಕದ ಪ್ರಯೋಜನವು ಮುಖ್ಯವಾಗಿ ಇಲ್ಲಿಯೇ.

ಬಗ್ಗಡ ಮಾಪಕ

ಮನೆಯ ಹಂಚಿನ ಸಂದಿನಿಂದ ಬಿಸಿಲುಕೋಲು ಒಳಗೆ ಬಿದ್ದಾಗ ಅದರಲ್ಲಿ ಧೂಳಿನ ಕಣಗಳು ಮಿನುಗುವುದನ್ನು ಎಲ್ಲರೂ ನೋಡಿರುವರು. ಧೂಳು ಹೆಚ್ಚಾದಷ್ಟೂ ಬಿಸಿಲುಕೋಲು ಹೆಚ್ಚು ಸ್ಪಷ್ಟವಾಗಿ ಕಾಣುವುದು. ಧೂಳಿನ ಕಣಗಳು ಬೆಳಕನ್ನು ಪಕ್ಕಕ್ಕೆ ಚೆದರಿಸುವುದೇ ಇದಕ್ಕೆ ಕಾರಣ. ಬಗ್ಗಡ ಮಾಪಕವು ಕೆಲಸಮಾಡುವುದು ಇದೇ ತತ್ತ್ವದಿಂದ.

ಈ ಮಾಪಕವು ಹಳೆಯ ರೇಡಿಯೋ ಪೆಟ್ಟಿಗೆಯಷ್ಟು ದೊಡ್ಡದಾದ ಒಂದು ಯಂತ್ರ. ಅದರ ಮೇಲ್ಭಾಗದಲ್ಲಿ ನೀರಿನ ಮಾದರಿಯ ಗಾಜಿನ ಸೀಸೆಯನ್ನು ಇಳಿಬಿಡತಕ್ಕ ಒಂದು ಗುಂಡಿಯೂ, ಬೆಳಕು ಹೋಗದಂತೆ ಅದನ್ನು ಮುಚ್ಚುವ ಮುಚ್ಚಳವೂ ಇರುವುವು. ಒಳಗೆ ಒಂದು ದೀಪದಿಂದ ಬೆಳಕಿನ ಕೋಲು ಸೀಸೆಯ ಮೂಲಕ ಹಾಯುವುದು. ನೀರಿನ ಕಣಗಳಿಂದ ಪಕ್ಕಕ್ಕೆ, ಎಂದರೆ ೯೦ ಅಂಶಗಳ ಕೋನದಲ್ಲಿ, ಚೆದರಿದ ಬೆಳಕನ್ನು ಯಂತ್ರದ ಕಣ್ಣು ಗ್ರಹಿಸಿ ಅಂಕಿಯಾಗಿ ತೋರಿಸುವುದು. ಕೆಲವು ಮಾಪಕಗಳಲ್ಲಿ ಟಂಗ್‌ಸ್ಟನ್ ತಂತಿಯ ದೀಪವೂ, ಕೆಲವುಗಳಲ್ಲಿ ಕಣ್ಣಿಗೆ ಕಾಣದ ೮೬೦ ನ್ಯಾನೋಮೀಟರಿನ ಅವಕೆಂಪು ಬೆಳಕೂ ಇರುವುವು. ನೀರಿಗೆ ಎಲೆಗಳ ಕಷಾಯದಂಥ ಬಣ್ಣವಿದ್ದರೆ ಎರಡನೆಯ ಬಗೆಯ ಮಾಪಕವು ಹೆಚ್ಚು ನಂಬಿಕೆಗೆ ಅರ್ಹವು.

ಹಿಂದೆ, ಸುಮಾರು ೧೯೦೦ರ ಕಾಲದಲ್ಲಿ, ಅಮೆರಿಕ ದೇಶದ ವ್ಹಿಪಲ್ ಮತ್ತು ಜಾಕ್ಸನ್ ಎಂಬವರು ಉರಿಯುವ ಮೇಣದ ಬತ್ತಿಯ ಮೇಲೆ ಗಾಜಿನ ಕೊಳವೆಯನ್ನು ನಿಲ್ಲಿಸಿ, ಮೇಲಿನಿಂದ ಇಣಿಕಿನೋಡುತ್ತ, ಜ್ವಾಲೆಯ ಆಕಾರವು ಮರೆಯಾಗುವ ವರೆಗೆ ನೀರನ್ನು ಸುರಿದು ಬಗ್ಗಡವನ್ನು ಅಳೆಯುತ್ತಿದ್ದರು. ಆ ಉಪಾಯದಿಂದ ೨೫ ಮಾನಗಳಿಗಿಂತ ಕಡಿಮೆಯಾದ ಬಗ್ಗಡವನ್ನು ಅಳೆಯಲು ಸಾಧ್ಯವಿರಲಿಲ್ಲ. ೧೯೨೬ರಲ್ಲಿ ಫಾರ್ಮಜಿನ್ ಎಂಬ ಬಿಳಿಯ ಬಗ್ಗಡದ್ರವವನ್ನು ತಯಾರಿಸುವ ಕ್ರಮವು ಗೊತ್ತಾಯಿತು. ಇದನ್ನು ಎಷ್ಟು ಸಲ ತಯಾರಿಸಿದರೂ ಒಂದೇ ಸಮನಾಗಿ ಬರುವುದರಿಂದ ತಕ್ಕಡಿಗೆ ಮುದ್ರೆಯ ತೂಕದ ಕಲ್ಲು ಇರುವಂತೆ ಬಗ್ಗಡ ಮಾಪಕಕ್ಕೆ ಇದು ಪ್ರಮಾಣವಾಗಿದೆ.

ಉಪಯೋಗಿಸುವ ಕ್ರಮ

(೧) ಮಾಪಕವನ್ನು ಅಲುಗಾಡದ ಮೇಜಿನ ಮೇಲೆ, ಬಿಸಿಲು ಬೀಳದ ಕಡೆ ಇಡಬೇಕು. ತಂತಿಯ ದೀಪವುಳ್ಳ ಮಾಪಕವನ್ನು ಅರ್ಧ ಗಂಟೆಯಷ್ಟು ಮುಂಚೆ ಹೊತ್ತಿಸಿ ಬಿಸಿಯಾಗಲು ಬಿಡಬೇಕು. ವಿದ್ಯುತ್ತು ಏರಿಳಿಯುವ ಊರುಗಳಲ್ಲಿ ಸ್ಟೆಬಿಲೈಸರನ್ನು ಜೋಡಿಸುವುದು ಅಗತ್ಯ.

(೨) ಪ್ರಮಾಣದ್ರವಗಳಿಂದ ಮಾಪಕವನ್ನು ಮೂರು ತಿಂಗಳಿಗೊಮ್ಮೆಯಾದರೂ ಸರಿಹೊಂದಿಸಬೇಕು. ಕೆಲಸಕ್ಕೆ ತೊಡಗುವ ದಿನ ಒಂದು ಪ್ರಮಾಣದ್ರವವನ್ನು ಇಟ್ಟು ಅಂಕಿಯು ಸರಿಯಾಗಿದೆಯೇ ಎಂದು ನೋಡಿಕೊಳ್ಳತಕ್ಕದ್ದು.

(೩) ಸೀಸೆಯನ್ನು ಪರೀಕ್ಷಿಸಬೇಕಾದ ನೀರಿನಿಂದಲೇ ಎರಡು ಮೂರು ಸಲ ತೊಳೆಯಬೇಕು. ಮಾದರಿಯನ್ನು ಮೆಲ್ಲನೆ ಮೇಲೆ ಕೆಳಗೆ ಮಾಡಿ ಕಲಸಬೇಕೇ ಹೊರತು ಮಜ್ಜಿಗೆ ಕಡೆದಂತೆ ಕುಲುಕಬಾರದು. ಕುಲುಕಿದರೆ ಗಾಳಿಯ ಗುಳ್ಳೆಗಳು ಹುಟ್ಟಿ ಅವು ಬಗ್ಗಡದಂತೆಯೇ ಬೆಳಕನ್ನು ಚೆದರಿಸಿ ಸುಳ್ಳು ಅಂಕಿಯನ್ನು ಕೊಡುವುವು. ಬಹಳ ಹೊತ್ತು ಬಿಟ್ಟರೆ ಮಣ್ಣು ತಳಕ್ಕಿಳಿದು ಅಂಕಿಯು ಕಡಿಮೆಯಾಗುವುದು.

(೪) ಸೀಸೆಯನ್ನು ಕತ್ತಿನ ಹತ್ತಿರ ಮಾತ್ರ ಹಿಡಿಯಬೇಕು. ಬೆರಳಿನ ಜಿಡ್ಡು, ಗೀರು, ಹೊರಮೈಯ ಬೆವರುಹನಿ, ಇವೆಲ್ಲವೂ ಬೆಳಕನ್ನು ಚೆದರಿಸುವುವು. ನಯವಾದ ಬಟ್ಟೆಯಿಂದ ಒರಸಿ, ಸೀಸೆಯ ಮೇಲಿನ ಗುರುತನ್ನು ಯಂತ್ರದ ಗುರುತಿಗೆ ಸರಿಯಾಗಿ ನಿಲ್ಲಿಸಿ, ಮುಚ್ಚಳವನ್ನು ಮುಚ್ಚಿ ಅಂಕಿಯನ್ನು ಓದಬೇಕು. ಗೀರುಬಿದ್ದ ಸೀಸೆಯನ್ನು ತೆಗೆದುಹಾಕುವುದೇ ಲೇಸು.

ಕ್ಲೋರಿನ್ನಿನ ಕೆಲಸ

ನೀರಿಗೆ ಹಾಕಿದ ಕ್ಲೋರಿನ್ನೆಲ್ಲವೂ ನೀರಿನಲ್ಲಿ ಉಳಿಯುವುದಿಲ್ಲ. ಇದನ್ನು ಒಂದು ಹೋಲಿಕೆಯಿಂದ ತಿಳಿಯಬಹುದು. ಹೊಲಕ್ಕೆ ಹತ್ತು ಆಳುಗಳನ್ನು ಕಳುಹಿಸಿದಾಗ, ಕಳೆಯು ಕಡಿಮೆಯಿದ್ದರೆ ಐದು ಆಳುಗಳಿಗೆ ಕೆಲಸವು ಮುಗಿದು ಉಳಿದವರು ಕಾವಲಿಗೆ ದೊರೆಯುವರು. ಕಳೆಯು ಆಳೆತ್ತರ ಬೆಳೆದಿದ್ದರೆ ಹತ್ತು ಮಂದಿಗೂ ಕಳೆ ತೀರದೆ ಕಾವಲಿಗೆ ಒಬ್ಬನೂ ಉಳಿಯನು. ಅದರಂತೆಯೇ ನೀರಿನ ಕೊಳೆಯು ಮೊದಲು ಕ್ಲೋರಿನ್ನನ್ನು ತಿನ್ನುವುದು. ಅದರ ಹಸಿವು ತೀರಿದ ಮೇಲೆ ಉಳಿಯತಕ್ಕುದೇ ಉಳಿಕೆ ಕ್ಲೋರಿನ್. ಈ ಉಳಿಕೆಯು ತೊಟ್ಟಿಯಿಂದ ನಲ್ಲಿಯ ವರೆಗೆ ನೀರಿನ ಜೊತೆಯಲ್ಲಿಯೇ ಸಾಗಿ, ದಾರಿಯಲ್ಲಿ ಸೇರಬಹುದಾದ ರೋಗಾಣುಗಳನ್ನು ಕೊಲ್ಲುವ ಕಾವಲುಗಾರನು.

ದನದ ಗಂಜಲ, ತಿಪ್ಪೆಯ ರಸ, ಯೂರಿಯಾ ಮೊದಲಾದುವು ನೀರಿಗೆ ಸೇರಿದರೆ ಅವುಗಳಿಂದಾಗುವ ಅಮೋನಿಯದೊಡನೆ ಕ್ಲೋರಿನ್ ಕೂಡಿಕೊಂಡು ಸಂಯುಕ್ತ ಕ್ಲೋರಿನ್ ಆಗುವುದು. ಇದರ ಶಕ್ತಿಯು ಸ್ವತಂತ್ರ ಕ್ಲೋರಿನ್ನಿಗಿಂತ ಬಹಳ ಕಡಿಮೆ. ಆದುದರಿಂದ ಅಳೆಯಬೇಕಾದುದು ಮುಖ್ಯವಾಗಿ ಸ್ವತಂತ್ರವಾದ ಉಳಿಕೆಯನ್ನು. ಮಾನಕದ ಪ್ರಕಾರ ಇದು ಲೀಟರಿಗೆ ೦.೨ ಮಿಲಿಗ್ರಾಮಿಗಿಂತ ಕಡಿಮೆಯಿರಬಾರದು. ವೈರಸ್ ರೋಗಗಳ ಭಯವಿರುವಲ್ಲಿ ೦.೫ ಇರಬೇಕು. ಕ್ಲೋರಿನ್ ಬೆರೆತ ನೀರನ್ನು ಅರ್ಧ ಗಂಟೆಯಾದರೂ ನಿಲ್ಲಿಸಿದ ಮೇಲೆಯೇ ಹಂಚಬೇಕು. ನೀರಿನ ಕ್ಷಾರಗುಣವನ್ನು ತೋರಿಸುವ ಪಿ.ಎಚ್. ಅಂಕಿಯು ೮ನ್ನು ಮೀರಿದರೆ ಕ್ಲೋರಿನ್ನಿನ ಶಕ್ತಿಯು ಕುಗ್ಗುವುದು.

ಕ್ಲೋರಿನ್ ಮಾಪಕ

ಕ್ಲೋರಿನ್ನಿಗೆ ಬಣ್ಣ ಬರಿಸುವ ಔಷಧಿಯನ್ನು ನೀರಿಗೆ ಹಾಕಿ, ಬಣ್ಣದ ಗಾಢತೆಯಿಂದ ಕ್ಲೋರಿನ್ನಿನ ಪ್ರಮಾಣವನ್ನು ತಿಳಿಯುವುದೇ ಈ ಮಾಪಕದ ತತ್ತ್ವ. ಮೊದಲು ಆರ್ಥೊಟಾಲಿಡಿನ್ ಎಂಬ ಔಷಧಿಯಿಂದ ಹಳದಿಯ ಬಣ್ಣವನ್ನು ಬರಿಸುತ್ತಿದ್ದರು. ಆ ಔಷಧಿಯು ವಿಷಕರವೆಂದು ತಿಳಿದ ಮೇಲೆ, ಪೇಲಿನ್ ಎಂಬವರು ೧೯೫೭ರಲ್ಲಿ ಪ್ರಕಟಿಸಿದ ಡಿ.ಪಿ.ಡಿ. ಕ್ರಮವು ರೂಢಿಗೆ ಬಂದಿತು. ಇದರಲ್ಲಿ ಕ್ಲೋರಿನ್ ಇರುವ ನೀರು ಗುಲಾಬಿ ಬಣ್ಣಕ್ಕೆ ತಿರುಗುವುದು. ಮಾಪಕವು ಸುಮಾರು ೫೧೫ ನ್ಯಾನೋಮೀಟರಿನ ಹಸಿರು ಬೆಳಕನ್ನು ಈ ನೀರಿನ ಮೂಲಕ ಹಾಯಿಸಿ, ಎಷ್ಟು ಬೆಳಕು ತಡೆಯಲ್ಪಟ್ಟಿತೆಂಬುದರಿಂದ ಕ್ಲೋರಿನ್ನಿನ ಅಂಕಿಯನ್ನು ತೋರಿಸುವುದು.

ಮೊದಲು ಔಷಧಿಯನ್ನು ಹಾಕದ ಅದೇ ನೀರನ್ನು ಸೀಸೆಯಲ್ಲಿಟ್ಟು ಮಾಪಕವನ್ನು ಸೊನ್ನೆಗೆ ನಿಲ್ಲಿಸಬೇಕು. ಇಲ್ಲವಾದರೆ ನೀರಿನ ಬಗ್ಗಡವೂ ಬಣ್ಣವೂ ಕ್ಲೋರಿನ್ನಿನ ಲೆಕ್ಕಕ್ಕೆ ಸೇರಿಹೋಗುವುವು. ಅನಂತರ ಒಂದು ಪೊಟ್ಟಣ ಡಿ.ಪಿ.ಡಿ. ಪುಡಿಯನ್ನು ಹಾಕಿ ಕಲಸಿ, ಒಂದು ನಿಮಿಷದೊಳಗಾಗಿ ಅಂಕಿಯನ್ನು ಓದಿದರೆ ಸ್ವತಂತ್ರ ಕ್ಲೋರಿನ್ ತಿಳಿಯುವುದು. ತಡಮಾಡಿದರೆ ಸಂಯುಕ್ತ ಕ್ಲೋರಿನ್ ಸಹ ಬಣ್ಣವನ್ನು ಕೊಡತೊಡಗುವುದು. ಒಟ್ಟು ಕ್ಲೋರಿನ್ನನ್ನು ತಿಳಿಯಲು ಅಯೊಡೈಡ್ ಸೇರಿದ ಬೇರೊಂದು ಪುಡಿಯುಂಟು. ಒಟ್ಟಿನಲ್ಲಿ ಸ್ವತಂತ್ರವನ್ನು ಕಳೆದರೆ ಬರುವುದು ಸಂಯುಕ್ತ ಕ್ಲೋರಿನ್. ಇದು ಹೆಚ್ಚಾಗಿದ್ದರೆ ನೀರಿಗೆ ಗಂಜಲವೋ ಚರಂಡಿಯ ನೀರೋ ಸೇರುತ್ತಿರಬಹುದೆಂದು ಅನುಮಾನಪಟ್ಟು ಹುಡುಕಬೇಕು.

ಇಲ್ಲಿ ಎರಡು ಎಚ್ಚರಿಕೆಗಳು. ಕ್ಲೋರಿನ್ ಅತಿಯಾಗಿದ್ದರೆ ಅದು ಗುಲಾಬಿ ಬಣ್ಣವನ್ನೇ ಅಳಿಸಿಬಿಡುವುದು. ಪುಡಿ ಹಾಕಿದ ಕ್ಷಣದಲ್ಲಿ ಬಣ್ಣವು ಮಿಂಚಿ ಮಾಯವಾದರೆ ಕ್ಲೋರಿನ್ ಇಲ್ಲವೆಂದು ತಿಳಿಯದೆ, ಮಾದರಿಗೆ ಕ್ಲೋರಿನ್ ಇಲ್ಲದ ಶುದ್ಧ ನೀರನ್ನು ಬೆರಸಿ ಮತ್ತೆ ಪರೀಕ್ಷಿಸಬೇಕು. ಎರಡನೆಯದಾಗಿ, ಕ್ಲೋರಿನ್ ಸೀಸೆಯಲ್ಲಿಯೂ ಕ್ಷಣಕ್ಷಣಕ್ಕೆ ಕ್ಷಯಿಸುವುದು; ಬಿಸಿಲಿನಲ್ಲಿ ಮತ್ತೂ ಬೇಗ. ಬೆಳಗ್ಗೆ ನಲ್ಲಿಯಲ್ಲಿ ಹಿಡಿದ ನೀರನ್ನು ಬಸ್ಸಿನಲ್ಲಿ ತಾಲ್ಲೂಕು ಸ್ಥಳಕ್ಕೆ ಒಯ್ದು ಮಧ್ಯಾಹ್ನ ಅಳೆದರೆ ಬರುವ ಅಂಕಿಗೆ ಬೆಲೆಯಿಲ್ಲ. ಬಗ್ಗಡದ ಮಾದರಿಯನ್ನು ತಂಪಾದ ಕತ್ತಲೆಯಲ್ಲಿಟ್ಟು ಒಂದು ದಿನದೊಳಗಾಗಿ ಪ್ರಯೋಗಶಾಲೆಗೆ ಒಯ್ಯಬಹುದು. ಕ್ಲೋರಿನ್ನನ್ನಾದರೋ ನೀರು ಹಿಡಿದ ಸ್ಥಳದಲ್ಲಿಯೇ ಅಳೆಯತಕ್ಕದ್ದು. ಆದುದರಿಂದ ಮೇಜಿನ ಮಾಪಕವು ನೀರು ಶುದ್ಧೀಕರಿಸುವ ಘಟಕದಲ್ಲಿಯೋ, ತೊಟ್ಟಿಯ ಬಳಿಯ ಕೊಠಡಿಯಲ್ಲಿಯೋ ಇದ್ದರೆ ಉತ್ತಮ. ದೂರದ ನಲ್ಲಿಗಳಿಗೆ ಕೈಯಲ್ಲಿ ಹಿಡಿಯುವ ಚಿಕ್ಕ ಮಾಪಕವನ್ನಾಗಲಿ, ಬಣ್ಣ ಹೋಲಿಸಿ ನೋಡುವ ಪೆಟ್ಟಿಗೆಯನ್ನಾಗಲಿ ಒಯ್ಯಬೇಕು.

ಅಂಕಿಗಳಿಂದ ತಿಳಿಯಬೇಕಾದುದು

ಒಂದೊಂದು ಅಂಕಿಯನ್ನು ಬಿಡಿಯಾಗಿ ನೋಡುವುದಕ್ಕಿಂತಲೂ ತೊಟ್ಟಿಯ ಅಂಕಿಯನ್ನೂ ಊರಿನ ಕಟ್ಟಕಡೆಯ ನಲ್ಲಿಯ ಅಂಕಿಯನ್ನೂ ಜೊತೆಯಾಗಿಟ್ಟು ನೋಡಿದರೆ ಬಹಳ ವಿಷಯಗಳು ತಿಳಿಯುವುವು.

ತೊಟ್ಟಿಯಲ್ಲಿ ಕ್ಲೋರಿನ್ ೦.೮, ಕಡೆಯ ನಲ್ಲಿಯಲ್ಲಿ ೦.೪, ಎರಡೂ ಕಡೆ ಬಗ್ಗಡವು ೧ರ ಒಳಗೆ ಇದ್ದರೆ ಎಲ್ಲವೂ ಕ್ಷೇಮ.

ತೊಟ್ಟಿಯಲ್ಲಿ ೦.೮ ಇದ್ದು ಕಡೆಯ ನಲ್ಲಿಯಲ್ಲಿ ಸೊನ್ನೆಯಾಗಿ, ಬಗ್ಗಡವೂ ಅಲ್ಲಿ ಹೆಚ್ಚಾಗಿದ್ದರೆ ನಡುವೆ ಕೊಳವೆಯು ಒಡೆದು ಹೊರಗಿನ ನೀರು ಸೇರುತ್ತಿದೆಯೆಂದು ಬಲವಾಗಿ ಶಂಕಿಸಬೇಕು. ಹಳ್ಳಿಗಳಲ್ಲಿ ನೀರನ್ನು ದಿನಕ್ಕೆ ಒಂದೆರಡು ಗಂಟೆ ಮಾತ್ರ ಬಿಡುವುದು ವಾಡಿಕೆ. ನೀರು ನಿಂತಾಗ ಕೊಳವೆಯಲ್ಲಿ ಒತ್ತಡವಿಲ್ಲದೆ ಪಕ್ಕದ ಚರಂಡಿಯ ನೀರನ್ನು ಒಡಕಿನ ಮೂಲಕ ಅದು ಒಳಕ್ಕೆ ಎಳೆದುಕೊಳ್ಳುವುದು. ಇಂಥ ಸ್ಥಳದಲ್ಲಿ ಪುಡಿಯನ್ನು ಹೆಚ್ಚು ಹಾಕುವುದು ಪರಿಹಾರವಲ್ಲ. ಒಡಕನ್ನು ಹುಡುಕಿ ಮುಚ್ಚಬೇಕು. ಅದುವರೆಗೆ ಆ ಬೀದಿಯವರಿಗೆ ನೀರನ್ನು ಕುದಿಸಿ ಕುಡಿಯುವಂತೆ ಕೂಡಲೇ ತಿಳಿಸಬೇಕು.

ಬಗ್ಗಡವು ಹೆಚ್ಚದೆ ಕ್ಲೋರಿನ್ ಮಾತ್ರ ಸೊನ್ನೆಯಾದರೆ ಪುಡಿಯು ಹಳತಾಗಿರಬೇಕು, ಇಲ್ಲವೆ ತೊಟ್ಟಿಯ ತಳದಲ್ಲಿ ಕೆಸರು ಕಟ್ಟಿ ಕ್ಲೋರಿನ್ನನ್ನು ತಿನ್ನುತ್ತಿರಬೇಕು. ತೊಟ್ಟಿಯನ್ನು ಬರಿದುಮಾಡಿ ಉಜ್ಜಿ ತೊಳೆಯತಕ್ಕದ್ದು.

ಮೂಲದ ನೀರೇ ಬಗ್ಗಡವಾಗಿದ್ದರೆ ಪಟಿಕವನ್ನು ಹಾಕಿ ಮಣ್ಣನ್ನು ತಂಗಿಸಿ, ಮರಳಿನಲ್ಲಿ ಸೋಸಿ, ಬಗ್ಗಡವು ಇಳಿದ ಮೇಲೆ ಕ್ಲೋರಿನ್ ಬೆರಸಬೇಕು. ಬಗ್ಗಡವಿರುವಾಗ ಕ್ಲೋರಿನ್ ಹಾಕುವುದು ಕಳೆಯನ್ನು ಕೀಳದೆ ಗೊಬ್ಬರ ಹಾಕಿದಂತೆಯೇ ಸರಿ.

ಪುಡಿಯನ್ನು ಹಾಕುವ ಲೆಕ್ಕ

ಹಳ್ಳಿಗಳಲ್ಲಿ ಕ್ಲೋರಿನ್ ದೊರೆಯುವುದು ಹೆಚ್ಚಾಗಿ ಬ್ಲೀಚಿಂಗ್ ಪುಡಿಯಿಂದ. ಹೊಸ ಪುಡಿಯಲ್ಲಿ ನೂರಕ್ಕೆ ಸುಮಾರು ೩೩ ಪಾಲು ಕ್ಲೋರಿನ್ ಇರುವುದು. ಬಾಯಿ ತೆರೆದ ಚೀಲದಲ್ಲಿಟ್ಟರೆ ಗಾಳಿ, ಬೆಳಕು, ತೇವಗಳಿಂದ ಇದು ದಿನೇದಿನೇ ಇಳಿದುಹೋಗುವುದು. ೫೦,೦೦೦ ಲೀಟರಿನ ತೊಟ್ಟಿಗೆ ಲೀಟರಿಗೆ ೧ ಮಿಲಿಗ್ರಾಮಿನಂತೆ ಕ್ಲೋರಿನ್ ಹಾಕಬೇಕಾದರೆ ೫೦ ಗ್ರಾಂ ಕ್ಲೋರಿನ್ ಬೇಕು. ಇದಕ್ಕೆ ನೂರಕ್ಕೆ ೩೩ರ ಹೊಸ ಪುಡಿ ಸುಮಾರು ೧೫೦ ಗ್ರಾಂ, ೨೫ರ ಪುಡಿ ೨೦೦ ಗ್ರಾಂ, ೧೦ಕ್ಕೆ ಇಳಿದ ಹಳೆಯ ಪುಡಿಯಾದರೆ ೫೦೦ ಗ್ರಾಂ ಬೇಕಾಗುವುದು. ನೀರುಗಂಟಿಯು ಪ್ರತಿದಿನವೂ ಒಂದೇ ಬಟ್ಟಲಿನ ಅಳತೆಯಿಂದ ಪ್ರಾಮಾಣಿಕವಾಗಿ ಪುಡಿಯನ್ನು ಹಾಕುತ್ತಿದ್ದರೂ ನೀರು ಕಾವಲಿಲ್ಲದೆ ಹೋಗುವುದು ಹೀಗೆ. ಬಟ್ಟಲು ತೋರಿಸುವುದು ಹಾಕಿದ ಪುಡಿಯನ್ನು. ಉಳಿದ ಕ್ಲೋರಿನ್ನನ್ನು ತೋರಿಸುವುದು ಮಾಪಕ ಮಾತ್ರ.

ಸೇದುವ ಬಾವಿಗಳಿಗೆ ಸಾಮಾನ್ಯವಾಗಿ ೧,೦೦೦ ಲೀಟರಿಗೆ ೨.೫ ಗ್ರಾಂ ಒಳ್ಳೆಯ ಪುಡಿ ಎಂದು ಲೆಕ್ಕವುಂಟು. ಬಾವಿಯ ಅಡ್ಡಗಲವು ೩ ಮೀಟರು, ನೀರಿನ ಆಳವು ೪ ಮೀಟರು ಇದ್ದರೆ, ೩.೧೪ನ್ನು ಅಡ್ಡಗಲದ ವರ್ಗವಾದ ೯ರಿಂದಲೂ, ಆಳವಾದ ೪ರಿಂದಲೂ ಗುಣಿಸಿ ೪ರಿಂದ ಭಾಗಿಸಿದರೆ ೨೮.೨೬ ಘನ ಮೀಟರು, ಎಂದರೆ ೨೮,೨೬೦ ಲೀಟರು ನೀರಾಗುವುದು. ಇದಕ್ಕೆ ಸುಮಾರು ೭೦ ಗ್ರಾಂ ಪುಡಿ ಬೇಕು. ಪುಡಿಯನ್ನು ಬಕೇಟಿನಲ್ಲಿ ಸ್ವಲ್ಪ ನೀರಿನೊಡನೆ ಗಂಜಿಯಂತೆ ಕಲಸಿ, ಮುಕ್ಕಾಲು ಬಕೇಟು ನೀರು ತುಂಬಿ, ಐದು ಹತ್ತು ನಿಮಿಷ ಬಿಟ್ಟು, ಸುಣ್ಣವು ತಳಕ್ಕಿಳಿದ ಮೇಲೆ ತಿಳಿಯನ್ನು ಮಾತ್ರ ಬೇರೆ ಬಕೇಟಿಗೆ ಬಗ್ಗಿಸಿ ಬಾವಿಯ ನೀರಿನೊಳಕ್ಕೆ ಇಳಿಸಿ ಆಡಿಸಬೇಕು. ತಳದ ಸುಣ್ಣವನ್ನು ಬಾವಿಗೆ ಹಾಕಿದರೆ ನೀರು ಗಡಸಾಗುವುದು. ಒಂದು ಗಂಟೆಯ ತರುವಾಯ ಉಳಿಕೆ ಕ್ಲೋರಿನ್ನನ್ನು ಅಳೆದು ನೋಡಿ, ಆಮೇಲೆ ನೀರು ಸೇದಲು ಬಿಡತಕ್ಕದ್ದು. ಸಾಲದಿದ್ದರೆ ಪುನಃ ಹಾಕಬೇಕು.

ಪುಡಿಯನ್ನು ಬಿಗಿಯಾದ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ, ತಂಪಾದ ಕತ್ತಲೆ ಸ್ಥಳದಲ್ಲಿ ಇಡಬೇಕು. ರಸಗೊಬ್ಬರದ ಮೂಟೆ, ಸೀಮೆಎಣ್ಣೆ, ಡೀಸಲುಗಳ ಜೊತೆಯಲ್ಲಿ ಇದನ್ನು ಇಡುವುದು ಅಪಾಯಕರ. ಒಂದಕ್ಕೊಂದು ಸೋಂಕಿದರೆ ಬೆಂಕಿಯೂ ವಿಷದ ಗಾಳಿಯೂ ಹುಟ್ಟಬಹುದು.

ಮಾಪಕಗಳ ಮಿತಿ

ಈ ಎರಡು ಮಾಪಕಗಳಿಂದ ಎಲ್ಲವೂ ತಿಳಿಯುವುದೆಂದು ಭಾವಿಸಬಾರದು. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಮೊದಲಾದ ಜಿಲ್ಲೆಗಳ ಕೊಳವೆ ಬಾವಿಗಳ ನೀರು ಗಾಜಿನಂತೆ ತಿಳಿಯಾಗಿದ್ದರೂ ಅದರಲ್ಲಿ ಫ್ಲೋರೈಡ್ ಹೆಚ್ಚಾಗಿದ್ದು ಹಲ್ಲುಮೂಳೆಗಳನ್ನು ಕೆಡಿಸುವುದುಂಟು. ಗೊಬ್ಬರದಿಂದ ಇಳಿಯುವ ನೈಟ್ರೇಟೂ ಹಾಗೆಯೇ ಕಣ್ಣಿಗೂ ಈ ಮಾಪಕಗಳಿಗೂ ಕಾಣದು. ಇವುಗಳಿಗೆ ಪ್ರಯೋಗಶಾಲೆಯ ಪರೀಕ್ಷೆಯೇ ಬೇಕು. ಕ್ಲೋರಿನ್ನಿಗೆ ಸಾಯದ ರೋಗಾಣುಗಳೂ ಇವೆ. ೧೯೯೩ರಲ್ಲಿ ಅಮೆರಿಕದ ಮಿಲ್ವಾಕೀ ನಗರದಲ್ಲಿ ಕ್ರಿಪ್ಟೊಸ್ಪೊರಿಡಿಯಂ ಎಂಬ ಸೂಕ್ಷ್ಮಜೀವಿಯು ನೀರಿನಲ್ಲಿ ಸೇರಿ ಸುಮಾರು ೪ ಲಕ್ಷ ಜನರು ಭೇದಿಯಿಂದ ನರಳಿದರು. ನೀರಿಗೆ ಕ್ಲೋರಿನ್ ಹಾಕಿಯೇ ಇತ್ತು. ಆದರೆ ಸೋಸಿದ ನೀರಿನ ಬಗ್ಗಡವು ಆ ದಿನಗಳಲ್ಲಿ ಏರಿತ್ತು. ಒಂದು ಮಾಪಕವು ಸುಮ್ಮನಿರುವಾಗ ಮತ್ತೊಂದು ಎಚ್ಚರಿಕೆ ಕೊಡುವುದರಿಂದಲೇ ಎರಡೂ ಇರಬೇಕೆಂದು ಹೇಳುವುದು.

ಗ್ರಾಮ ಮುಖಂಡರ ಕರ್ತವ್ಯ

೨೦೧೯ರಲ್ಲಿ ಆರಂಭವಾದ ಜಲ ಜೀವನ್ ಮಿಷನ್ನಿನ ಮೂಲಕ ಮನೆಮನೆಗೂ ನಲ್ಲಿಯನ್ನು ಹಾಕಿಸುವ ಕೆಲಸವು ನಡೆದಿದೆ. ಗ್ರಾಮಗ್ರಾಮದಲ್ಲಿಯೂ ಐದು ಮಂದಿ ಸ್ತ್ರೀಯರಿಗೆ ಪರೀಕ್ಷಾ ಪೆಟ್ಟಿಗೆಯಿಂದ ನೀರನ್ನು ಪರೀಕ್ಷಿಸುವ ಶಿಕ್ಷಣವನ್ನು ಕೊಡಬೇಕೆಂಬುದು ಇದರ ಒಂದು ಏರ್ಪಾಡು. ನಲ್ಲಿಯು ಮನೆಗೆ ಬಂದುದರಿಂದ ಅ‌ನುಕೂಲವು ಹೆಚ್ಚಿದಂತೆಯೇ ಹೊಣೆಯೂ ಹೆಚ್ಚಿದೆ. ಹಿಂದೆ ಒಂದು ಬಾವಿಯು ಕೆಟ್ಟರೆ ಒಂದು ಕೇರಿಗೆ ಕೇಡು; ಈಗ ಒಂದು ತೊಟ್ಟಿಯು ಕೆಟ್ಟರೆ ಊರಿಗೆ ಊರೇ ಮಲಗುವುದು. ಆದುದರಿಂದ ಮುಖಂಡರೂ ಜಮೀನುದಾರರೂ ಈ ಕೆಳಗಣ ಅಂಶಗಳನ್ನು ನಡೆಸಿಕೊಡಬೇಕು.

೧. ಪ್ರತಿದಿನವೂ ತೊಟ್ಟಿಯಲ್ಲಿಯೂ ಕಡೆಯ ನಲ್ಲಿಯಲ್ಲಿಯೂ ಕ್ಲೋರಿನ್ನನ್ನು ಅಳೆಯಿಸಿ ಪುಸ್ತಕದಲ್ಲಿ ದಿನಾಂಕ, ಗಂಟೆ, ಸ್ಥಳ, ಅಂಕಿಗಳನ್ನು ಬರೆಯಿಸತಕ್ಕದ್ದು. ದೊಡ್ಡ ಮಳೆಯ ಮಾರನೆಯ ದಿನ ಬಗ್ಗಡವನ್ನೂ ತಪ್ಪದೆ ಅಳೆಯಿಸಬೇಕು.

೨. ವಾರಕ್ಕೊಮ್ಮೆಯಾದರೂ ತಾವೇ ಎದುರಿಗೆ ನಿಂತು ಅಳೆಯಿಸಿ, ಪುಸ್ತಕದ ಅಂಕಿಯೊಡನೆ ಹೋಲಿಸಿನೋಡಬೇಕು. ದಿನವೂ ಒಂದೇ ಅಂಕಿಯು ಬರೆದಿದ್ದರೆ ಸಂತೋಷಪಡುವ ಬದಲು ಸಂಶಯಪಡಬೇಕು. ನಿಜವಾಗಿ ಅಳೆದ ಅಂಕಿಗಳು ಸ್ವಲ್ಪ ಹೆಚ್ಚುಕಡಿಮೆ ಆಗದೆ ಇರವು.

೩. ಸೊನ್ನೆಯನ್ನು ಸೊನ್ನೆಯೆಂದೇ ಬರೆದ ನೀರುಗಂಟಿಯನ್ನು ಗದರಿಸಬಾರದು. ಗದರಿಸಿದರೆ ಮಾರನೆಯ ದಿನದಿಂದ ಪುಸ್ತಕವು ಸುಳ್ಳಾಗುವುದು. ವಾಕರ್ಟನ್ನಿನಲ್ಲಿ ಊರನ್ನು ಕೆಡಿಸಿದುದು ಅಂಥ ಪುಸ್ತಕವೇ.

೪. ತಿಪ್ಪೆಯನ್ನೂ ಕಕ್ಕಸನ್ನೂ ಬಾವಿಯಿಂದ ೧೫ ಮೀಟರಿಗೆ ಕಡಿಮೆಯಿಲ್ಲದಂತೆ, ಬಾವಿಗಿಂತ ತಗ್ಗಿನ ಕಡೆಯಲ್ಲಿ ಇರಿಸಬೇಕು. ಬಾವಿಗೆ ಎತ್ತರವಾದ ಕಟ್ಟೆಯನ್ನೂ, ಸುತ್ತಲೂ ನೀರು ಹರಿದುಹೋಗುವ ಗಾರೆ ನೆಲವನ್ನೂ ಮಾಡಿಸಬೇಕು. ಮಳೆಯ ಮೋಡವು ಕಟ್ಟಿದಾಗ ನೀರಿನ ಮೂಲದ ಹತ್ತಿರದ ಹೊಲಕ್ಕೆ ಹಸಿ ಗೊಬ್ಬರವನ್ನು ಹರಡದೆ ಕೆಲವು ದಿನ ತಡೆಯುವುದು ಜಮೀನುದಾರರ ಧರ್ಮ.

೫. ತಮ್ಮ ಖಾಸಗಿ ಕೊಳವೆ ಬಾವಿಯಿಂದ ಊರಿಗಾಗಲಿ ಕೂಲಿಯವರಿಗಾಗಲಿ ನೀರು ಕೊಡುತ್ತಿರುವವರು ಆ ನೀರನ್ನು ಮಳೆಗಾಲದ ಮುಂಚೆಯೂ ಅನಂತರವೂ ಪ್ರಯೋಗಶಾಲೆಗೆ ಕಳುಹಿಸಿ ಪರೀಕ್ಷೆಮಾಡಿಸಬೇಕು.

೬. ಕೆಟ್ಟ ಅಂಕಿಯು ಬಂದ ದಿನ ಪ್ರಯೋಗಶಾಲೆಯ ವರದಿಗಾಗಿ ಕಾಯದೆ, ಅದೇ ಸಾಯಂಕಾಲದೊಳಗೆ ಡಂಗುರ ಸಾರಿಸಿ ನೀರನ್ನು ಕುದಿಸಿ ಕುಡಿಯುವಂತೆ ಊರಿಗೆ ತಿಳಿಸತಕ್ಕದ್ದು; ಆರೋಗ್ಯ ಇಲಾಖೆಗೂ ಕೂಡಲೇ ವರ್ತಮಾನ ಕೊಡತಕ್ಕದ್ದು. ಅಂಕಿಯು ಸುಳ್ಳಾಗಿದ್ದರೆ ನಷ್ಟವಾಗುವುದು ಒಂದು ಹೊರೆ ಸೌದೆ; ನಿಜವಾಗಿದ್ದು ಸಾರಿಸದಿದ್ದರೆ ಆಗುವ ನಷ್ಟವನ್ನು ತುಂಬಿಕೊಡುವವರಿಲ್ಲ.

ಹಿಂದಿನವರು ಕೆರೆಯ ತೂಬಿನ ಕೀಲಿಯನ್ನು ನಂಬಿಕಸ್ಥನಾದ ನೀರುಗಂಟಿಯ ಕೈಯಲ್ಲಿ ಕೊಟ್ಟು ಊರಿನ ಬೆಳೆಯನ್ನು ಕಾಪಾಡಿಕೊಳ್ಳುತ್ತಿದ್ದರು. ಈಗ ಅದೇ ನಂಬಿಕೆಯ ಕೆಲಸವು ಈ ಚಿಕ್ಕ ಮಾಪಕಗಳನ್ನು ಹಿಡಿದವನಿಗೆ ಬಂದಿದೆ. ಆ ಕೆಲಸಕ್ಕೆ ಬೇಕಾದುದು ದಿನಕ್ಕೆ ಹತ್ತು ನಿಮಿಷಗಳ ಹೊತ್ತು, ಸ್ವಚ್ಛವಾದ ಒಂದು ಸೀಸೆ, ಮತ್ತು ಕಂಡದ್ದನ್ನು ಕಂಡಂತೆ ಬರೆಯುವ ಸತ್ಯಸಂಧತೆ. ಇವು ಮೂರೂ ಇರುವ ಗ್ರಾಮದಲ್ಲಿ ಮುಂಗಾರಿನ ಮಳೆಯು ಬಿತ್ತನೆಯನ್ನು ತರುವುದೇ ಹೊರತು ರೋಗವನ್ನು ತರಲಾರದು.